ಅಜ್ಜಿಯ ಬಟ್ಟಲು ನೋಡದೆ ಡಯಟ್ ಚಾರ್ಟ್ ಬರೆಸಬೇಡಿ

ನ್ಯೂಟ್ರಿಷನ್ ಸ್ಟೂಡೆಂಟ್ಸನ್ನು ವಯಸ್ಸಾದವರ ಹತ್ರ ಕಳಿಸುವ ಲೆಕ್ಚರರ್‌ಗಳು ಮೊದಲು ಮಕ್ಕಳ ಕೈಯಿಂದ ಚಾರ್ಟ್ ತೆಗೆದಿಡಿ. ನಮ್ಮ ಮಂಗಳೂರು ಉಡುಪಿ ಕಡೆ ಎಷ್ಟೋ ಅಜ್ಜಿಯಂದಿರ ರಾತ್ರಿ ಊಟ ಅಂದ್ರೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಅಷ್ಟೇ. ಬಿಪಿ ಉಂಟು ಅಂತ ಉಪ್ಪಿನಕಾಯಿ ಪೂರಾ ಬಂದ್ ಮಾಡಿಸಿದ್ರೆ ಅವರು ಗಂಜಿಯನ್ನೂ ಅರ್ಧಕ್ಕೇ ಬಿಡ್ತಾರೆ, ತೂಕ ಇಳೀತದೆ, ಅದರ ಜೊತೆ ಸ್ನಾಯುವೂ ಹೋಗ್ತದೆ, ಆಮೇಲೆ ಬಚ್ಚಲಲ್ಲಿ ಬೀಳುವ ಹೆದರಿಕೆ ಬೇರೆ. ಹಾಗಾಗಿ ಉಪ್ಪಿನಕಾಯಿ ಕಮ್ಮಿ ಮಾಡ್ಸುವಾಗಲೇ ಬಾಯಿಗೆ ರುಚಿಯಾಗುವ ಬೇರೆ ಎಂತಾದ್ರೂ ಬಟ್ಟಲಿಗೆ ಹಾಕ್ಲಿಕ್ಕೆ ಕಲಿಸಿ, ಮೆತ್ತಗೆ ಬೇಯಿಸಿದ ಹೆಸರುಕಾಳು, ಹುರುಳಿ ಚಟ್ನಿ, ಮೀನು ತಿನ್ನುವವರಾದ್ರೆ ಮುಳ್ಳು ಬಿಡಿಸಿದ ಬಂಗುಡೆ.

ಪ್ರೋಟೀನ್ ಲೆಕ್ಕ ಇಲ್ಲೇ ಮಾಡಿಸಿ. ವಯಸ್ಸಾದವರಿಗೆ ಕೆಜಿ ತೂಕಕ್ಕೆ 1ರಿಂದ 1.2 ಗ್ರಾಂ ಬೇಕು ಅಂತಾರೆ ತಜ್ಞರು, ಅಂದ್ರೆ 50 ಕೆಜಿಯ ಅಜ್ಜಿಗೆ ದಿನಕ್ಕೆ 50-60 ಗ್ರಾಂ. ಬರೀ ಗಂಜಿಯಲ್ಲಿ ಅದು ಆಗುವ ಮಾತಲ್ಲ. ಕಿಡ್ನಿ ತೊಂದರೆ ಇದ್ರೆ ಮಾತ್ರ ಡಾಕ್ಟರನ್ನು ಕೇಳದೆ ಮುಂದೆ ಹೋಗ್ಬಾರ್ದು.

ಸ್ಕ್ರೀನಿಂಗಿಗೆ ಎಂಎನ್‌ಎ (ಮಿನಿ ನ್ಯೂಟ್ರಿಷನಲ್ ಅಸೆಸ್‌ಮೆಂಟ್, ವಯಸ್ಸಾದವರ ಪೌಷ್ಟಿಕತೆ ನೋಡುವ ಪ್ರಶ್ನಾವಳಿ) ಶಾರ್ಟ್ ಫಾರ್ಮ್ ಸಾಕು. 6 ಪ್ರಶ್ನೆ, 14 ಅಂಕ, 8ರಿಂದ 11 ಬಂದ್ರೆ ಅಪಾಯದ ಅಂಚು, 7 ಅಥವಾ ಅದಕ್ಕಿಂತ ಕಮ್ಮಿ ಅಂದ್ರೆ ಅಪೌಷ್ಟಿಕತೆ. ಎದ್ದು ನಿಲ್ಲಲಿಕ್ಕೆ ಆಗದವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಬದಲು ಮೀನಖಂಡದ ಸುತ್ತಳತೆ ನೋಡ್ಬಹುದು, 31 ಸೆಂಟಿಮೀಟರಿಗಿಂತ ಕಮ್ಮಿ ಇದ್ರೆ ಆ ಪ್ರಶ್ನೆಗೆ ಅಂಕ ಸಿಗುದಿಲ್ಲ. ಟೇಪ್ ಹಿಡಿಯುದು ಮೊದಲು ಕ್ಲಾಸಲ್ಲೇ ಒಬ್ಬರಿಗೊಬ್ಬರು ಅಭ್ಯಾಸ ಮಾಡ್ಲಿ.

ಮಾತಾಡ್ಸುದು ಇದಕ್ಕಿಂತ ಕಷ್ಟ. "ಊಟ ಆಯ್ತಾ ಅಜ್ಜಿ" ಅಂದ್ರೆ "ಆಯ್ತು ಮಗಾ" ಅಂತಲೇ ಬರ್ತದೆ, ಎಂತ ಊಟ, ಯಾರು ಬಡಿಸಿದ್ದು, ಹಲ್ಲು ಸೆಟ್ ಹಾಕಿಯೇ ತಿಂದದ್ದಾ ಅಂತ ಕೇಳ್ಬೇಕು, ತುಳು ಬರುವ ಸ್ಟೂಡೆಂಟ್ ಒಬ್ಬರಾದ್ರೂ ಪ್ರತಿ ಗುಂಪಲ್ಲಿ ಇರ್ಲಿ.

ಉಡುಪಿಯಲ್ಲಿ ಚಾತುರ್ಮಾಸ್ಯ ವ್ರತದ ಬಗ್ಗೆ ಕೇಳಲೇಬೇಕು, ಇದನ್ನು ಪಠ್ಯಪುಸ್ತಕ ಹೇಳಿಕೊಡುದಿಲ್ಲ. ನಾಲ್ಕು ತಿಂಗಳಲ್ಲಿ ಸಾಲಾಗಿ ತರಕಾರಿ, ಮೊಸರು, ಹಾಲು, ಬೇಳೆಕಾಳು ಬಿಡುವವರು ಇದ್ದಾರೆ. ಬೇಳೆ ಬಿಟ್ಟ ತಿಂಗಳು ಹಾಲು ಮಜ್ಜಿಗೆ ಜಾಸ್ತಿ ಮಾಡಿ, ಹಾಲು ಬಿಟ್ಟಾಗ ತೊವ್ವೆ ದಪ್ಪ ಮಾಡ್ಲಿಕ್ಕೆ ಹೇಳಿ, ವ್ರತ ಬಿಡಿ ಅಂತ ಹೇಳ್ಲಿಕ್ಕೆ ಹೋದ್ರೆ ಮುಂದಿನ ಸಲ ಆ ಮನೆಯಲ್ಲಿ ಯಾರೂ ನಿಜ ಹೇಳುದಿಲ್ಲ. ಏಕಾದಶಿ ಉಪವಾಸದ ವಿಷಯ ಬೇರೆ, ಇನ್ಸುಲಿನ್ ತಗೊಳ್ಳುವವರಿಗೆ ಶುಗರ್ ತೀರಾ ಇಳಿಯಬಹುದು, ಅಂಥವರ ಉಪವಾಸದ ದಿನಗಳನ್ನು ಮೊದಲೇ ಬರೆದುಕೊಂಡು ಡಾಕ್ಟರಿಗೆ ತಿಳಿಸುದು ಸ್ಟೂಡೆಂಟಿನ ಕೆಲಸ, ಡೋಸ್ ಬದಲಿಸುದು ಡಾಕ್ಟರ ಕೆಲಸ.