ಕಾರ್ಗಿ ತರುವ ಮೊದಲು ಅಕ್ಕಿ ಚೀಲ ಹೊತ್ತೆ

"ಹೆಣ್ಣು ನೋಡೋಕೆ ಹೋದಾಗ ಅರ್ಧ ಗಂಟೇಲಿ ಒಪ್ಕೊಂಡೆ. ನಾಯಿ ತರೋಕೆ ಒಂದು ವರ್ಷ ಬೇಕೇನೋ ನಿಂಗೆ?" ಅಂತ ಭಾವ ಎಲ್ಲರ ಎದುರು ಆಡಿಕೊಂಡಿದ್ದರು. ಬೆಲ್ಲ ಅಂದರೆ ನಮ್ಮ ನಾಯಿ, ಕುಳ್ಳ ಕಾಲು ಉದ್ದ ಬೆನ್ನಿನ ಕಾರ್ಗಿ ಜಾತಿಯದು. ಅದು ನಮ್ಮ ಮನೆಗೆ ಬಂದು ಈಗ ಒಂದೂವರೆ ವರ್ಷ. ಹೋದ ತಿಂಗಳು ಅದೇ ಭಾವ ಫೋನ್ ಮಾಡಿ, "ಮಗಳು ಕಾರ್ಗಿನೇ ಬೇಕು ಅಂತ ಹಠ ಹಿಡಿದಿದ್ದಾಳೆ. ನೀನು ಅದೇನೋ ಪರೀಕ್ಷೆ ಮಾಡಿದ್ಯಲ್ಲ, ಹೇಳು" ಅಂದರು. ಅದಕ್ಕೇ ಬರೆದಿಡುತ್ತಿದ್ದೇನೆ.

ಆಗ ನಾವಿದ್ದದ್ದು ಬೆಂಗಳೂರಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. 17 ಮೆಟ್ಟಿಲು, ಲಿಫ್ಟ್ ಇಲ್ಲ. ಮನೇಲಿ ಅಮ್ಮ, ಹೆಂಡತಿ, ಎಂಟು ಮತ್ತು ಐದು ವರ್ಷದ ಮಕ್ಕಳು.

ಮೊದಲ ಸಲ ನಾನೂ ಎಲ್ಲರ ಹಾಗೇ ಫೋಟೋ ನೋಡಿ ಬಿದ್ದೆ. ಮರಿಗೆ 90 ಸಾವಿರ ಅಂದರು, 15 ಸಾವಿರ ಮುಂಗಡ ಕೊಟ್ಟೆ. ಐದನೇ ವಾರಕ್ಕೇ ಬಂದು ತಗೊಂಡು ಹೋಗಿ ಅಂದರು. ತಾಯಿಯನ್ನು ತೋರಿಸಿ ಅಂದರೆ ತೋರಿಸಲಿಲ್ಲ. ಎಂಟು ವಾರ ತುಂಬದೆ ಮರಿ ಬೇಡ ಅಂದೆ, ಮುಂಗಡ ಮುಳುಗಿತು. ಹೋಗಿದ್ದೇ ಒಳ್ಳೆಯದಾಯಿತು. ಮರಿ ಕಂಡರೆ ಯಾರ ಬುದ್ಧಿಯೂ ನೆಟ್ಟಗಿರಲ್ಲ.

ಆಮೇಲೆ ಹಿಡಿದ ದಾರಿ ಸರಳ. ಊರಿಗೆ ಹೋಗುವವರ ಬೆಳೆದ ಕಾರ್ಗಿಯನ್ನು ನಮ್ಮ ಮನೇಲಿ ಇಟ್ಟುಕೊಳ್ಳುವುದು. ಒಂದು ಸಲ ಅಲ್ಲ, ಮೂರು ಸಲ. ಗುರುತು ಪರಿಚಯ ಇಲ್ಲದವರು ನಾಯಿ ಬಿಟ್ಟು ಹೋಗುವ ಹಾಗೆ ಹೇಗೆ ಒಪ್ಪಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಮೊದಲನೆಯದು ಮೂರು ದಿನ. ದಂಡ. ನಾಯಿ ನೆಂಟರ ಹಾಗೆ ಸೋಫಾ ಕೆಳಗೆ ಮಲಗಿತ್ತು. ಮನೆಯವರೆಲ್ಲ "ಇದೇ ಬೇಕು" ಅಂದರು. ಅಲ್ಲಿಗೇ ನಿಲ್ಲಿಸಿದ್ದರೆ ಮೋಸ ಹೋಗುತ್ತಿದ್ದೆ.

ಎರಡನೆಯದು ಹತ್ತು ದಿನ. ನಾಲ್ಕನೇ ದಿನ ನಿಜವಾದ ನಾಯಿ ಹೊರಗೆ ಬಂತು. ಮಕ್ಕಳು ಹಾಲ್‌ನಿಂದ ಅಡುಗೆಮನೆಗೆ ಓಡಿದರು. ಇದು ಅಡ್ಡ ಹೋಗಿ ತಿರುಗಿಸಿ, ಚಿಕ್ಕವನ ಹಿಮ್ಮಡಿಗೆ ಬಾಯಿ ಹಾಕಿತು. ಚರ್ಮ ಕಿತ್ತಿರಲಿಲ್ಲ, ಕೆಂಪಗಾಗಿತ್ತು. ವೇಲ್ಸ್‌ನಲ್ಲಿ ದನ ಅಟ್ಟೋಕೆ ಸಾಕಿದ ಜಾತಿ ಅಂತ ಎಲ್ಲರಿಗೂ ಗೊತ್ತು. ಆದರೆ ಆ ದನ ನಮ್ಮ ಮಗನೇ ಅಂತ ಆವತ್ತೇ ಗೊತ್ತಾಗಿದ್ದು! ಅಮ್ಮ ನಡೆದರೆ ಸೀರೆಯ ನೆರಿಗೆ ಎಳೆಯುತ್ತಿತ್ತು. ಬೆಳಗ್ಗೆ ಅವರು ಹೊಸ್ತಿಲ ಮುಂದೆ ರಂಗೋಲಿ ಹಾಕಿ ಒಳಗೆ ಬರುವಷ್ಟರಲ್ಲಿ ಇದು ಅದರ ಮೇಲೆ ಹೋಗಿರುತ್ತಿತ್ತು. ಬೇರೆ ನಾಯಿಯಾದರೆ ನಾಲ್ಕು ಹೆಜ್ಜೆ ಗುರುತು. ಕಾರ್ಗಿ ಹೊಟ್ಟೆಯಲ್ಲೇ ಪೂರ್ತಿ ಒರೆಸಿ ಬಿಡುತ್ತೆ. ಹಿಮ್ಮಡಿ ವಿಷಯಕ್ಕೆ ಅರ್ಧ ಹೇಳುತ್ತೇನೆ: ಮಕ್ಕಳು ಕಿರುಚದೆ ನಿಂತ ಜಾಗದಲ್ಲೇ ಮರದ ಹಾಗೆ ನಿಂತುಬಿಡಬೇಕು. ಉಳಿದರ್ಧಕ್ಕೆ ಒಂದು ಹಳೇ ಟವೆಲ್ ಮತ್ತು ಎರಡು ವಾರ ತಾಳ್ಮೆ ಬೇಕು.

ಮೂರನೆಯದನ್ನು ಬೇಕಂತಲೇ ಒಳಗೂದಲು ಉದುರುವ ಸಮಯಕ್ಕೆ ಇಟ್ಟುಕೊಂಡೆ. ಬಾಚಿದ ಕೂದಲನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ. ದಿನಕ್ಕೆ ಹತ್ತು ಗ್ರಾಂ ಇರಬಹುದು. ಕೇಳೋಕೆ ಕಮ್ಮಿ, ನೋಡಿದರೆ ಒಂದು ಕವರ್ ತುಂಬ. ಮೊಸರಲ್ಲೂ ಕೂದಲು. "ದೇವರ ಮನೆಗೆ ಮಾತ್ರ ಬರಬಾರದು" ಅಂತ ಅಮ್ಮ ಒಂದೇ ಷರತ್ತು ಹಾಕಿದರು. ತಾನೇ ಓಡಾಡಿ ಕಸ ಎಳೆಯುವ ಮೆಷಿನ್‌ಗೆ 20 ಸಾವಿರ ಸುರಿದೆ. ಬ್ರಷ್‌ಗೆ ಕೂದಲು ಸುತ್ತಿಕೊಂಡು ಎರಡೇ ವಾರಕ್ಕೆ ಅಟ್ಟ ಸೇರಿತು. ಈಗ ಪೊರಕೆ, ಒದ್ದೆ ಬಟ್ಟೆ, ಅಷ್ಟೇ.

ಇನ್ನು ಮೆಟ್ಟಿಲು. ಆ ಉದ್ದ ಬೆನ್ನಿಗೆ ದಿನಾ ಹತ್ತಿ ಇಳಿಯುವುದು ಒಳ್ಳೆಯದಲ್ಲ, ಎತ್ತಿಕೊಂಡೇ ಹೋಗಬೇಕು. ಸರಿ, ಬಟ್ಟೆ ಚೀಲಕ್ಕೆ 12 ಕಿಲೋ ಸೋನಾ ಮಸೂರಿ ತುಂಬಿದೆ. ಬೆಳಗ್ಗೆ ಆರಕ್ಕೆ, ಮಧ್ಯಾಹ್ನ, ರಾತ್ರಿ ಹತ್ತಕ್ಕೆ, ಇಳಿಸಿ ಹತ್ತಿಸಿದೆ. ಪಕ್ಕದ ಮನೆಯವರು "ಏನ್ ಸಾರ್, ದಿನಾ ಅಕ್ಕಿ ತರ್ತೀರಾ?" ಅಂದರು. ಐದನೇ ದಿನ ನನ್ನ ಸೊಂಟ ಹಿಡಿಯಿತು. ಹೆಂಡತಿ ಎರಡನೇ ದಿನವೇ ಕೈ ಎತ್ತಿದ್ದಳು. ಅಕ್ಕಿಯಾದರೋ ಸುಮ್ನಿರುತ್ತೆ, ನಾಯಿ ಒದ್ದಾಡುತ್ತೆ. ಈ ಮನೇಲಿ ಕಾರ್ಗಿ ಆಗಲ್ಲ ಅಂತ ಆವತ್ತೇ ತೀರ್ಮಾನ ಆಯಿತು. ಐದು ತಿಂಗಳಾದ ಮೇಲೆ ಅದೇ ಬೀದಿಯಲ್ಲಿ ನೆಲಮಹಡಿ ಖಾಲಿಯಾಯಿತು. ಬಾಡಿಗೆ ನಾಲ್ಕು ಸಾವಿರ ಜಾಸ್ತಿ. ನಾಯಿ ಬರುವ ಮೊದಲೇ ನಾಯಿಗೋಸ್ಕರ ಮನೆ ಬದಲಾಯಿಸಿದ ಅಂತ ನೆಂಟರಲ್ಲಿ ನನ್ನ ಹೆಸರು ಆಮೇಲೆ ಬಹಳ ದಿನ ಓಡಾಡಿತು.

ಇದರ ನಡುವೆ ತಿಂಗಳಿಗೆ ಒಂಬತ್ತು ಸಾವಿರ ಬೇರೆ ಅಕೌಂಟಿಗೆ ಹಾಕುತ್ತಿದ್ದೆ, ನಾಯಿ ಇದ್ದಿದ್ದರೆ ಆಗುತ್ತಿದ್ದ ಖರ್ಚು ಅಂತ. ಎರಡು ಸಲ ಸ್ಕೂಲ್ ಫೀಸಿಗೆ ಅದರಿಂದಲೇ ತೆಗೆದೆ. ಹಾಗೆ ತೆಗೆಯಬೇಕಾದಾಗೆಲ್ಲ ಇನ್ನೂ ಸಮಯ ಬಂದಿಲ್ಲ ಅಂತ ಅಂದುಕೊಂಡೆ.

ಕೊನೆಗೆ ಮರಿ ತರಲೇ ಇಲ್ಲ. ವಿದೇಶಕ್ಕೆ ಹೊರಟಿದ್ದವರ ನಾಲ್ಕು ವರ್ಷದ ಪೆಂಬ್ರೋಕ್ (ಕಾರ್ಗಿಯಲ್ಲೇ ಒಂದು ಬಗೆ) ಸಿಕ್ಕಿತು, ಅದೇ ಬೆಲ್ಲ. ಅವರು ದುಡ್ಡು ತಗೊಳ್ಳಲಿಲ್ಲ. ಬಂದಾಗ ಹದಿನಾಲ್ಕೂವರೆ ಕಿಲೋ, ಈಗ ಹನ್ನೆರಡರ ಹತ್ತಿರ. ಮಧ್ಯೆ ರಾಗಿ ಮುದ್ದೆ ಹಾಕಿ ನೋಡಿದೆ. ನಮ್ಮ ಹಾಗೇ ಅಗಿಯದೆ ನುಂಗಿತು, ತೂಕ ಏರಿತು, ಬಿಟ್ಟೆ. ಅಮ್ಮ ಕದ್ದು ಚಪಾತಿ ಕೊಡುವುದನ್ನು ಬಿಡಿಸೋಕೆ ಆಗಲಿಲ್ಲ. ಅದಕ್ಕೆ ಬೆಲ್ಲನ ದಿನದ ಊಟದಲ್ಲೇ ಒಂದು ಹಿಡಿ ತೆಗೆದು ಸ್ಟೀಲ್ ಡಬ್ಬಿಗೆ ಹಾಕಿ ಅಮ್ಮನ ಕೈಗೆ ಕೊಟ್ಟೆ. ಕೊಡುವ ಸುಖ ಅವರಿಗೆ, ತೂಕ ನನ್ನ ಲೆಕ್ಕದಲ್ಲಿ. ಒಂದು ಮಳೆಗಾಲ ಉಣ್ಣಿ ಜ್ವರ ಬಂದು 12 ಸಾವಿರ ಹೋಯಿತು. ಟೈಲ್ಸ್ ಮೇಲೆ ಕಾಲು ಜಾರದಿರಲಿ ಅಂತ ಹಾಲ್‌ಗೆಲ್ಲ ರಬ್ಬರ್ ಮ್ಯಾಟ್ ಹಾಸಿದ್ದೇವೆ. ನೋಡೋಕೆ ಜಿಮ್ ಥರ ಇದೆ. ರಂಗೋಲಿ ಗೇಟಿನ ಆಚೆಗೆ ಹೋಗಿದೆ.

ಭಾವ ಇರುವುದು ಎರಡನೇ ಮಹಡಿ, ಅಲ್ಲೂ ಲಿಫ್ಟ್ ಇಲ್ಲ. ಮೊದಲು ಅಕ್ಕಿ ಚೀಲ ಹೊರಿ ಅಂದೆ. ಮೂರನೇ ದಿನ ಹೇಗಿದೆ ಅಂತ ಫೋನ್ ಮಾಡಿದರೆ ಅಕ್ಕ ಎತ್ತಿದಳು. "ಚೀಲ ಬಿಚ್ಚಿ ಚಿತ್ರಾನ್ನ ಮಾಡ್ಸಿಕೊಂಡು ತಿಂದ್ರು ಕಣೋ" ಅಂದಳು.