ಕಾಲು ಗುಂಟೆಯಿಂದ ಜಿಡಿಪಿಯವರೆಗೆ

ದೇಶದ ಆದಾಯದ ಲೆಕ್ಕ ದೆಹಲಿಯಲ್ಲಿ ಹುಟ್ಟುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಕೂಡಿ ಕಳೆಯುವ ಕೆಲಸ ಅಲ್ಲಿ ನಡೆಯುವುದು ನಿಜ. ಆದರೆ ಕೂಡಲು ಬೇಕಾದ ಅಂಕಿಗಳು ಹೋಗುವುದು ಕಣಕಟ್ಟೆಯ ರಾಗಿ ಹೊಲದಿಂದ, ಹಾನುಬಾಳಿನ ತೋಟದ ರೈಟರ್ ಬರೆದಿಟ್ಟ ಪುಸ್ತಕದಿಂದ, ಅರಸೀಕೆರೆ ಬಸ್ ನಿಲ್ದಾಣದ ಬಳಿಯ ಟೀ ಅಂಗಡಿಯವನ ನೆನಪಿನಿಂದ. ನಾನು ಹಾಸನ ಜಿಲ್ಲೆಯಲ್ಲಿ ಸಾಂಖ್ಯಿಕ ನಿರೀಕ್ಷಕನಾಗಿ ದುಡಿದು ನಿವೃತ್ತನಾದವನು. ಕೇಳುವುದು, ತೂಗುವುದು, ಬರೆದು ಕಳುಹಿಸುವುದು ನನ್ನ ಉದ್ಯೋಗವಾಗಿತ್ತು. ಅದನ್ನು ಹೇಗೆ ಮಾಡುತ್ತಿದ್ದೆವು ಎಂಬುದನ್ನು ಬರೆಯುತ್ತಿದ್ದೇನೆ, ಏಕೆಂದರೆ ಜಿಡಿಪಿಯ, ಅಂದರೆ ದೇಶದ ಒಟ್ಟು ಉತ್ಪನ್ನದ, ಬೆಳವಣಿಗೆ ದರದ ಒಂದು ದಶಮಾಂಶಕ್ಕಾಗಿ ಕಿತ್ತಾಡುವ ಯಾರೂ ಹೊಲದ ಅಂಚಿನಲ್ಲಿ ನಿಂತಿದ್ದನ್ನು ನಾನು ಕಂಡಿಲ್ಲ.

ಮೊದಲು ಬೆಳೆ ಕಟಾವು ಪ್ರಯೋಗ. ಜಿಲ್ಲೆಯಲ್ಲಿ ಎಷ್ಟು ರಾಗಿ ಬೆಳೆಯಿತು ಎಂದು ತಿಳಿಯಲು ಎರಡು ಸಂಖ್ಯೆ ಬೇಕು: ಎಷ್ಟು ಜಾಗದಲ್ಲಿ ರಾಗಿ ಇದೆ, ಒಂದು ಹೆಕ್ಟೇರಿಗೆ ಎಷ್ಟು ಬಂತು. ಎರಡನೆಯದನ್ನು ರೈತನ ಬಾಯಿಂದ ಕೇಳಿ ಬರೆಯುವಂತಿಲ್ಲ. ಊರನ್ನೂ ಸರ್ವೆ ನಂಬರನ್ನೂ ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ಆರಿಸುತ್ತಾರೆ. ಹೊಲಕ್ಕೆ ಹೋದ ಮೇಲೆ ನೈಋತ್ಯ ಮೂಲೆಯಲ್ಲಿ ನಿಂತು, ಕೊಟ್ಟಿರುವ ಸಂಖ್ಯೆಗಳ ಪ್ರಕಾರ ಉದ್ದಕ್ಕೆ ಇಷ್ಟು, ಅಗಲಕ್ಕೆ ಇಷ್ಟು ನಡೆದು ಗೂಟ ನೆಡಬೇಕು. ಅಲ್ಲಿಂದ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕಕ್ಕೆ ಹಗ್ಗ ಕಟ್ಟಿ, ಒಳಗಿನದನ್ನು ಮಾತ್ರ ಕೊಯ್ದು, ಬಡಿದು, ತೂರಿ, ತೂಗಬೇಕು. ಇಪ್ಪತ್ತೈದು ಚದರ ಮೀಟರ್ ಎಂದರೆ ಹೆಚ್ಚು ಕಡಿಮೆ ಕಾಲು ಗುಂಟೆ. ಅಲ್ಲಿ ಬಂದ ತೂಕವನ್ನು 400ರಿಂದ ಗುಣಿಸಿದರೆ ಹೆಕ್ಟೇರಿನ ಇಳುವರಿ. ಆರು ಕಿಲೋ ಬಂದರೆ 24 ಕ್ವಿಂಟಲ್.

ಈ 400 ಎಂಬ ಗುಣಕದ ಬಗ್ಗೆ ನನಗೆ ಕೊನೆಯವರೆಗೂ ಭಯವಿತ್ತು. ತಕ್ಕಡಿಯಲ್ಲಿ ನೂರು ಗ್ರಾಂ ಆಚೀಚೆಯಾದರೆ ಹೆಕ್ಟೇರಿಗೆ 40 ಕಿಲೋ ಆಚೀಚೆ. ಹಗ್ಗದ ಮೇಲೆಯೇ ನಿಂತಿರುವ ತೆಂಡೆಗಳನ್ನು ಏನು ಮಾಡಬೇಕು? ಬುಡ ಅರ್ಧಕ್ಕಿಂತ ಹೆಚ್ಚು ಒಳಗಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ ಎಂಬುದು ನಿಯಮ. ಕೊಯ್ಯುವವರ ಕೈ ಮಾತ್ರ ಸಹಜವಾಗಿ ಒಳಗಿನ ಕಡೆಗೇ ಎಳೆಯುತ್ತದೆ. ಚೌಕ ಚಿಕ್ಕದಾದಷ್ಟೂ ಅಂಚಿನ ಗಿಡಗಳ ಪಾಲು ಹೆಚ್ಚಿ, ಇಳುವರಿ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. 1940ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಪಿ.ಸಿ. ಮಹಲನೋಬಿಸ್ ಮತ್ತು ಪಿ.ವಿ. ಸುಖಾತ್ಮೆ ಅವರ ನಡುವೆ ದೊಡ್ಡ ವಾದ ನಡೆದದ್ದು ಇದೇ ಚೌಕದ ಅಳತೆಯ ಮೇಲೆ. ಆದ್ದರಿಂದ ನಾನು ಮೇಲ್ವಿಚಾರಣೆಗೆ ಹೋದಲ್ಲೆಲ್ಲ ಮೊದಲು ಹಗ್ಗದ ಸುತ್ತಲಿನ ಸಾಲನ್ನು ಬಿಡಿಸಿ, ಯಾವುದು ಒಳಗೆ ಯಾವುದು ಹೊರಗೆ ಎಂದು ಕಣ್ಣೆದುರು ತೀರ್ಮಾನಿಸಿದ ಮೇಲೆಯೇ ಕುಡುಗೋಲು ಹಾಕಲು ಬಿಡುತ್ತಿದ್ದೆ. ಹಸಿ ತೂಕ ಬೇರೆ, ಒಣಗಿದ ತೂಕ ಬೇರೆ. ಇಬ್ಬನಿ ಆರುವ ಮೊದಲು ಕೊಯ್ದು ತೂಗಿ ಮನೆಗೆ ಹೊರಡುವ ಆತುರದವರನ್ನು ತಡೆಯುವುದೂ ನನ್ನ ಪಾಲಿಗೇ ಬರುತ್ತಿತ್ತು.

2016ರಲ್ಲಿ ಫಸಲ್ ಬಿಮಾ (ಬೆಳೆ ವಿಮೆ) ಯೋಜನೆ ಬಂದ ಮೇಲೆ ಈ ಕಾಲು ಗುಂಟೆಗೆ ಎಲ್ಲಿಲ್ಲದ ಬೆಲೆ ಬಂತು. ಮುಖ್ಯ ಬೆಳೆಗೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಪ್ರಯೋಗ ನಡೆಯಬೇಕು, ಅದರ ಇಳುವರಿ ನೋಡಿ ಪರಿಹಾರ. ಅಲ್ಲಿಯವರೆಗೆ ಒಂಟಿಯಾಗಿ ನಿಂತಿರುತ್ತಿದ್ದ ನಮ್ಮ ಸುತ್ತ ಊರಿಗೆ ಊರೇ ಸೇರತೊಡಗಿತು. ವಿಮಾ ಕಂಪನಿಯ ಹುಡುಗ ಒಂದು ಕಡೆ ಮೊಬೈಲ್ ಹಿಡಿದು ನಿಂತಿರುತ್ತಿದ್ದ. ಇನ್ನೊಂದು ಕಡೆಯಿಂದ ಗೌಡರು, "ಸ್ವಾಮಿ, ಆ ಬಂಡೆಯ ಪಕ್ಕ ಹಾಕಿ, ಅಲ್ಲಿ ಸೊರಗಿದೆ, ನಿಜವಾದ ಪರಿಸ್ಥಿತಿ ನಿಮಗೂ ಗೊತ್ತಾಗುತ್ತದೆ" ಎನ್ನುತ್ತಿದ್ದರು. ಅವರ ಮಾತಿನಲ್ಲಿ ಮೋಸವಿರಲಿಲ್ಲ, ಸಂಕಟವಿತ್ತು. ಆದರೆ ಗೂಟದ ಜಾಗ ನಾನು ಆರಿಸಿದ್ದಲ್ಲ, ಸಂಖ್ಯೆ ಆರಿಸಿದ್ದು. "ಗೌಡರೇ, ನನಗೆ ಜಾಗ ಬದಲಿಸುವ ಅಧಿಕಾರ ಇಲ್ಲ, ನಿಮಗೂ ಇಲ್ಲ, ಈ ಹುಡುಗನಿಗೂ ಇಲ್ಲ" ಎಂದು ಮೂವರನ್ನೂ ಒಂದೇ ಸಾಲಿಗೆ ಸೇರಿಸಿದರೆ ಸಾಮಾನ್ಯವಾಗಿ ಗದ್ದಲ ತಣ್ಣಗಾಗುತ್ತಿತ್ತು. ಪರಿಹಾರಕ್ಕೆಂದು ಇಳುವರಿಯನ್ನು ಕೆಳಗೆ ಎಳೆದರೆ ಕೃಷಿ ಉತ್ಪನ್ನದ ಅಂಕಿಗೂ ಅದರ ಸೋಂಕು ತಗಲುತ್ತದೆ. ಅಲ್ಲಿ ನೆರೆದಿದ್ದ ಯಾರಿಗೂ ಆ ಚಿಂತೆ ಇರಲಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ಅನ್ಯಾಯ.

ಜಾಗದ ಲೆಕ್ಕಕ್ಕೆ ಪಹಣಿ ಇತ್ತು. ಪಹಣಿಯಲ್ಲಿ ರಾಗಿ, ಹೊಲದಲ್ಲಿ ಅಡಿಕೆ ಸಸಿ. ಈಗ ಬೆಳೆ ಸಮೀಕ್ಷೆಯನ್ನು ಮೊಬೈಲ್ ಆ್ಯಪ್‌ನಲ್ಲಿ ಚಿತ್ರ ತೆಗೆದು ಮಾಡುವುದರಿಂದ ಎಷ್ಟೋ ವಾಸಿ.

ಇಳುವರಿಯನ್ನು ಜಾಗದಿಂದ ಗುಣಿಸಿ ಬೆಲೆ ಕಟ್ಟಿದರೆ ಉತ್ಪನ್ನದ ಮೌಲ್ಯ ಸಿಗುತ್ತದೆ. ಬೆಲೆ ಎಂದರೆ ಕೊಯ್ಲಿನ ಕಾಲದಲ್ಲಿ ರೈತನಿಗೆ ಸಿಕ್ಕಿದ ಬೆಲೆ. ಮೂರು ತಿಂಗಳು ಗೋದಾಮಿನಲ್ಲಿಟ್ಟವನಿಗೆ ಬಂದ ಹೆಚ್ಚಿನ ಬೆಲೆಯನ್ನು ಹೊಲದ ಹೆಸರಿಗೆ ಬರೆಯುವಂತಿಲ್ಲ. ಮನೆಗೆ ಇಟ್ಟುಕೊಂಡ ರಾಗಿ ಮಾರಾಟಕ್ಕೆ ಬರದಿದ್ದರೂ ಲೆಕ್ಕಕ್ಕೆ ಬರುತ್ತದೆ. ಅದೇ ರಾಗಿಯಿಂದ ಮನೆಯಾಕೆ ಮುದ್ದೆ ಕಟ್ಟಿದರೆ ಆ ಶ್ರಮ ಬರುವುದಿಲ್ಲ, ಹೆದ್ದಾರಿಯ ಹೋಟೆಲಿನಲ್ಲಿ ಕಟ್ಟಿದರೆ ಬರುತ್ತದೆ. ಅಂತರರಾಷ್ಟ್ರೀಯ ನಿಯಮವೇ ಹಾಗಿದೆ.

ಇಷ್ಟರ ಮೇಲೆ ಶುರುವಾಗುವುದು ಕಳೆಯುವ ಕೆಲಸ. ನನ್ನ ಮಟ್ಟಿಗೆ ಇಡೀ ವಿಷಯದ ಕಗ್ಗಂಟು ಇಲ್ಲೇ ಇದೆ. ರೈತನ ಲೆಕ್ಕ ಮತ್ತು ದೇಶದ ಲೆಕ್ಕ ಒಂದೇ ಹೊಲವನ್ನು ನೋಡಿ ಬೇರೆ ಬೇರೆ ಉತ್ತರ ಹೇಳುತ್ತವೆ, ಎರಡೂ ಸರಿ. ರೈತ ಬೀಜ, ಗೊಬ್ಬರ, ಔಷಧಿ, ಡೀಸೆಲ್ ಕಳೆಯುತ್ತಾನೆ, ನಾವೂ ಕಳೆಯುತ್ತೇವೆ. ಮುಂದೆ ಅವನು ಕೂಲಿಯನ್ನೂ ಸಾಲದ ಬಡ್ಡಿಯನ್ನೂ ಕಳೆದು, "ಏನೂ ಉಳಿಯಲಿಲ್ಲ ಸಾರ್, ನಮ್ಮ ಮೈಮುರಿತವೇ ಲಾಭ" ಎನ್ನುತ್ತಾನೆ. ನಾವು ಕೂಲಿಯನ್ನು ಕಳೆಯುವುದಿಲ್ಲ. ಅವನಿಗೆ ಖರ್ಚಾದದ್ದು ಕೂಲಿಯವಳಿಗೆ ಆದಾಯ. ಅದೂ ಆ ಹೊಲದಲ್ಲೇ ಹುಟ್ಟಿದ ಮೌಲ್ಯ. ಹೀಗಾಗಿ ಬೆಳೆಗಾರ ನಷ್ಟದಲ್ಲಿದ್ದ ವರ್ಷವೂ ಆ ಹೊಲದ ಮೌಲ್ಯವರ್ಧನೆ, ಅಂದರೆ ಉತ್ಪನ್ನದ ಮೌಲ್ಯದಿಂದ ಬೀಜ, ಗೊಬ್ಬರದಂಥ ಖರ್ಚು ಕಳೆದು ಉಳಿದದ್ದು, ಧನಾತ್ಮಕವಾಗಿರಬಹುದು. ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭವಲ್ಲ. ಜಲಂಧರದಿಂದ ಬಂದ ಬೀಜಕ್ಕೆ ದುಬಾರಿ ಬೆಲೆ ಕೊಟ್ಟು, ಅಂಗಮಾರಿಗೆ ಔಷಧಿ ಹೊಡೆದು ಸೋತವನ ಎದುರು ನಿಂತು ಮೌಲ್ಯವರ್ಧನೆಯ ಪಾಠ ಹೇಳಲು ನನಗಂತೂ ಮನಸ್ಸು ಬರುತ್ತಿರಲಿಲ್ಲ. ಅವನು ಹೇಳಿದ ಕೂಲಿಯ ಲೆಕ್ಕವನ್ನೂ ಗೌರವದಿಂದ ಬರೆದುಕೊಳ್ಳುತ್ತಿದ್ದೆ. ಎಷ್ಟೋ ಬಾರಿ ಕೂಲಿಯ ಲೆಕ್ಕ ಹೇಳುವಾಗಲೇ ಗೊಬ್ಬರದ ನಿಜವಾದ ಚೀಲಗಳ ಸಂಖ್ಯೆ ಹೊರಬರುತ್ತಿತ್ತು. ಮಲೆನಾಡಿನ ಕಡೆ ಒಬ್ಬರ ಹೊಲದಲ್ಲಿ ಇನ್ನೊಬ್ಬರು ಸರದಿಯಂತೆ ದುಡಿದು ತೀರಿಸುವ ಮುಯ್ಯಾಳಿನ ಪದ್ಧತಿ ಇದ್ದಲ್ಲಿ ಕೂಲಿ ಎಂಬ ಅಂಕಿಯೇ ಇರುವುದಿಲ್ಲ. ಅದಕ್ಕೆ ನಮ್ಮ ನಮೂನೆ ಗಾಬರಿಯಾಗಬೇಕಿಲ್ಲ, ಹೇಗೂ ಅದನ್ನು ಕಳೆಯುವುದಿಲ್ಲವಲ್ಲ.

ಹುಲ್ಲು ಮತ್ತು ಸಗಣಿಯ ಕಥೆ ಇನ್ನೂ ಸೊಗಸು. ರಾಗಿ ಹುಲ್ಲು ಬೆಳೆಯ ಉಪೋತ್ಪನ್ನ, ಅದಕ್ಕೂ ಬೆಲೆ ಕಟ್ಟಿ ಬೆಳೆಯ ಮೌಲ್ಯಕ್ಕೆ ಸೇರಿಸುತ್ತಾರೆ. ಅದೇ ಹುಲ್ಲನ್ನು ಹಸು ತಿಂದಾಗ ಪಶುಸಂಗೋಪನೆಯ ಖರ್ಚೆಂದು ಕಳೆಯುತ್ತಾರೆ. ಹಸು ಕೊಟ್ಟ ಸಗಣಿ ಪಶುಸಂಗೋಪನೆಯ ಉತ್ಪನ್ನ, ತಿಪ್ಪೆಯಿಂದ ಹೊಲಕ್ಕೆ ಹೋದರೆ ಬೆಳೆಯ ಖರ್ಚು. ಒಂದೇ ಮನೆಯ ಹಿತ್ತಲಿನಲ್ಲಿ ನಯಾ ಪೈಸೆ ಕೈ ಬದಲಾಗದೆ ಇಷ್ಟೆಲ್ಲ ವ್ಯವಹಾರ ನಡೆದುಹೋಗುತ್ತದೆ. ಬರಗಾಲದ ವರ್ಷ ಅರಸೀಕೆರೆ ಕಡೆ ಬಣವೆಗೆ ಕಾಳಿಗಿಂತ ಹೆಚ್ಚು ಕಾವಲು. ಹುಲ್ಲಿನ ಬೆಲೆಯನ್ನು ಅಸಡ್ಡೆಯಿಂದ ಹಳೆಯ ವರ್ಷದ್ದೇ ತುಂಬಿಸಿದರೆ ಎರಡು ವಲಯಗಳ ಲೆಕ್ಕ ಒಟ್ಟಿಗೆ ಕೆಡುತ್ತದೆ.

ಹಾಲಿನ ಸಮೀಕ್ಷೆ ಪಶುಪಾಲನಾ ಇಲಾಖೆಯದು. ಮಾರ್ಚ್‌ನಿಂದ ಫೆಬ್ರವರಿಯವರೆಗಿನ ವರ್ಷವನ್ನು ಬೇಸಿಗೆ, ಮಳೆಗಾಲ, ಚಳಿಗಾಲ ಎಂದು ಮೂರು ಪಾಲು ಮಾಡಿ, ಆರಿಸಿದ ಊರುಗಳಲ್ಲಿ ಕರೆದ ಹಾಲನ್ನು ಎದುರು ನಿಂತು ಅಳೆಯುತ್ತಾರೆ. ಡೇರಿಗೆ ಹಾಕಿದ್ದರ ಲೆಕ್ಕ ಪುಸ್ತಕದಲ್ಲಿದೆ. ಮನೆಗೆ ಉಳಿಸಿಕೊಂಡದ್ದು, ಪಕ್ಕದ ಮನೆಗೆ ಕೊಟ್ಟದ್ದು ತಿಳಿಯಬೇಕಾದರೆ ಹೀಗೆಯೇ ಮಾಡಬೇಕು. ಕೇಳಿದರೆ ಹೇಳುವುದಿಲ್ಲ. ಅಜ್ಜಿಯರಿಗೆ ದೃಷ್ಟಿಯ ಭಯ. ಅಪರಿಚಿತರು ನಿಂತರೆ ಹಸುವೂ ಹಾಲು ಇಳಿಸುವುದಿಲ್ಲ, ಆದ್ದರಿಂದ ಕೊಟ್ಟಿಗೆಯ ಹೊರಗೇ ಕುಳಿತು ಕಾಯುವುದು ಅನುಭವಸ್ಥರ ಪದ್ಧತಿ.

ಸಕಲೇಶಪುರದ ಕಡೆ ಹೋದರೆ ಕಾಫಿ. ಅಲ್ಲಿ ಕಾಲು ಗುಂಟೆಯ ಚೌಕ ಕೆಲಸಕ್ಕೆ ಬಾರದು. ಕಾಫಿ ಮಂಡಳಿ ಹೂ ಬಿಟ್ಟ ಮೇಲೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಫಸಲಿನ ಅಂದಾಜು ಮಾಡುತ್ತದೆ. ಹೂಮಳೆ ಸರಿಯಾಗಿ ಬಿದ್ದರೆ ಮೊದಲ ಅಂದಾಜು ಹಿಗ್ಗುತ್ತದೆ, ಜುಲೈ ಆಗಸ್ಟ್‌ನ ಜಡಿಮಳೆಗೆ ಕಾಯಿ ಉದುರಿದರೆ ಎರಡನೆಯದು ಕುಗ್ಗುತ್ತದೆ. ತೋಟದಿಂದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಅಥವಾ ಚೆರ್ರಿಯಾಗಿ (ಇಡೀ ಹಣ್ಣನ್ನೇ ಒಣಗಿಸಿದ್ದು) ಹೊರಡುವವರೆಗೆ ಕಾಫಿ ಕೃಷಿಯ ಲೆಕ್ಕ. ಹೊಟ್ಟು ಬಿಡಿಸಿ ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನ ಬಾಗಿಲು ದಾಟಿದ ಮೇಲೆ ಅದು ಕೈಗಾರಿಕೆ. ನನ್ನ ಕಾಲದಲ್ಲಿ ವಿದ್ಯುತ್ ಬಳಸಿ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗಳು ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯ ವ್ಯಾಪ್ತಿಗೆ ಬರುತ್ತಿದ್ದವು. ಅಲ್ಲಿ ಕೊಂಡ ಕಾಫಿಯ ಬೆಲೆಯನ್ನು ಕಳೆದು ಉಳಿದದ್ದನ್ನು ಮಾತ್ರ ಸೇರಿಸುತ್ತಾರೆ. ಕಳೆಯದೆ ಸೇರಿಸಿದರೆ ಒಂದೇ ಬೀಜ ತೋಟದಲ್ಲೊಮ್ಮೆ, ಕಾರ್ಖಾನೆಯಲ್ಲೊಮ್ಮೆ, ಚಿಕ್ಕಮಗಳೂರಿನ ಪುಡಿ ಅಂಗಡಿಯಲ್ಲೊಮ್ಮೆ ಎಣಿಕೆಯಾಗಿ ದೇಶ ಸುಮ್ಮನೆ ಶ್ರೀಮಂತವಾಗಿ ಕಾಣುತ್ತದೆ.

2024ರಲ್ಲಿ ರೋಬಸ್ಟಾ ಕಾಫಿಯ ಬೆಲೆ ದಾಖಲೆ ಏರಿದಾಗ ಪರಿಚಯದ ಬೆಳೆಗಾರರೊಬ್ಬರು, "ಈ ಸಲ ನಿಮ್ಮ ಜಿಡಿಪಿ ನಮ್ಮಿಂದಲೇ ಏರಬೇಕು" ಎಂದು ನಕ್ಕರು. ಚಾಲ್ತಿ ಬೆಲೆಯ ಲೆಕ್ಕದಲ್ಲಿ ಅವರ ತೋಟ ಹಿಗ್ಗಿತ್ತು. ಆದರೆ ಬೆಳವಣಿಗೆ ದರವೆಂದು ಸುದ್ದಿಯಾಗುವುದು ಸ್ಥಿರ ಬೆಲೆಯದು. ಆಗಿನ ಸರಣಿ 2011-12ನ್ನು ಮೂಲ ವರ್ಷವಾಗಿ ಹಿಡಿದಿತ್ತು, ಅದರಲ್ಲಿ 2024ರ ಕಾಫಿಯನ್ನೂ ಆ ಮೂಲ ವರ್ಷದ ಬೆಲೆಯಲ್ಲೇ ನೋಡುತ್ತಿದ್ದರು. ಮೂಟೆ ಹೆಚ್ಚಾಗದೆ ಬೆಲೆ ಮಾತ್ರ ಹೆಚ್ಚಾದರೆ ಅಲ್ಲಿ ಏರಿಕೆ ಕಾಣದು. ಅವರ ಅಂಗಳಕ್ಕೆ ಹೊಸ ಜೀಪು ಬಂದಿತ್ತು, ಅವರ ತೋಟ ಮಾತ್ರ ಸ್ಥಿರ ಬೆಲೆಯ ಪಟ್ಟಿಯಲ್ಲಿ ಮೊದಲಿದ್ದಲ್ಲೇ ಇತ್ತು.

ಕಷ್ಟವೆಂದರೆ ಅಂಗಡಿಗಳು. ರಾಷ್ಟ್ರೀಯ ಮಾದರಿ ಸಮೀಕ್ಷೆ 1950ರಲ್ಲಿ ಶುರುವಾದದ್ದು. ಕೇಂದ್ರದ ಮಾದರಿಯ ಜೊತೆಗೆ ರಾಜ್ಯದ ಮಾದರಿಯನ್ನು ನಮ್ಮ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಮಾಡುತ್ತಿತ್ತು. ಲೆಕ್ಕಪುಸ್ತಕವಿಲ್ಲದ ದರ್ಜಿ, ಪಂಚರ್ ಅಂಗಡಿ, ಹೂವಿನವರು, ಬೀಡಾ ಅಂಗಡಿ. ಇವರನ್ನು ಕಳೆದ 30 ದಿನಗಳ ವ್ಯಾಪಾರ ಎಷ್ಟು ಎಂದು ಕೇಳಬೇಕು. "ಹೇಗೋ ನಡೆಯುತ್ತದೆ ಸಾರ್" ಎಂಬುದು ಸಾರ್ವತ್ರಿಕ ಉತ್ತರ. ತೆರಿಗೆಯವರು ಎಂಬ ಅನುಮಾನ ಒಂದು ಕಡೆ, ನಿಜಕ್ಕೂ ಗೊತ್ತಿಲ್ಲದಿರುವುದು ಇನ್ನೊಂದು ಕಡೆ. ಮಾಹಿತಿಯನ್ನು ಗುಟ್ಟಾಗಿಡಬೇಕೆಂದು 2008ರ ಕಾಯ್ದೆಯೇ ಇದೆ ಎಂದರೆ ನಂಬುವವರು ಕಡಿಮೆ. ನಾನು ದುಡ್ಡಿನ ಮಾತನ್ನೇ ಮೊದಲು ಎತ್ತುತ್ತಿರಲಿಲ್ಲ. ಟೀ ಅಂಗಡಿಯಲ್ಲಿ ದಿನಕ್ಕೆ ಎಷ್ಟು ಲೀಟರ್ ಹಾಲು, ಲೀಟರಿಗೆ ಎಷ್ಟು ಲೋಟ, ಸಿಲಿಂಡರ್ ಎಷ್ಟು ದಿನಕ್ಕೆ ಮುಗಿಯುತ್ತದೆ ಎಂದು ಕೇಳುತ್ತಿದ್ದೆ. ದರ್ಜಿಯ ಬಳಿ ದಾರದ ಉಂಡೆ, ದಿನಕ್ಕೆ ಎಷ್ಟು ರವಿಕೆ. ವಸ್ತುವಿನ ಲೆಕ್ಕ ಹೇಳಲು ಯಾರಿಗೂ ಸಂಕೋಚವಿಲ್ಲ. ಅದನ್ನು ಅಲ್ಲೇ ಕೂಡಿಸಿ ಒಟ್ಟು ಮೊತ್ತ ತೋರಿಸಿದಾಗ, "ಅಷ್ಟೊಂದು ಆಗುತ್ತದೆಯೇ?" ಎಂದು ಅವರೇ ಬೆರಗಾಗಿ, ಆಮೇಲೆ ಬಾಡಿಗೆ, ಸಾಲ ಎಂದು ತಾವಾಗಿಯೇ ಬಿಚ್ಚುತ್ತಿದ್ದರು. ಆಷಾಢದಲ್ಲಿ ಬಟ್ಟೆ ಅಂಗಡಿಗೆ ಹೋದರೆ ಒಂದು ಉತ್ತರ, ಶ್ರಾವಣದಲ್ಲಿ ಹೋದರೆ ಇನ್ನೊಂದು. ಅದಕ್ಕಾಗಿಯೇ ಸಮೀಕ್ಷೆಯನ್ನು ಮೂರು ಮೂರು ತಿಂಗಳ ಸುತ್ತುಗಳಾಗಿ ವರ್ಷಪೂರ್ತಿ ಹರಡಿರುತ್ತಾರೆ.

ಸರ್ಕಾರಿ ಕಚೇರಿಗಳಲ್ಲಿ ಇಷ್ಟು ಪಾಡಿಲ್ಲ. ಮಾರುಕಟ್ಟೆ ಬೆಲೆ ಇಲ್ಲದ ಸೇವೆಯನ್ನು ಅದರ ವೆಚ್ಚದಿಂದಲೇ ಅಳೆಯುತ್ತಾರೆ, ಅದರಲ್ಲಿ ಸಂಬಳದ್ದೇ ದೊಡ್ಡ ಪಾಲು. ಆ ಲೆಕ್ಕದಲ್ಲಿ ಟೀ ಅಂಗಡಿಯವನನ್ನು ಗಂಟೆಗಟ್ಟಲೆ ಕಾಡಿದ ನನ್ನ ಸಂಬಳವೂ ಜಿಡಿಪಿಯೇ. ಅವನು ಆ ಹೊತ್ತಿನಲ್ಲಿ ಕಳೆದುಕೊಂಡ ಗಿರಾಕಿಗಳು ಮಾತ್ರ ಯಾವ ನಮೂನೆಯಲ್ಲೂ ಇಲ್ಲ.

1949ರಲ್ಲಿ ಮಹಲನೋಬಿಸ್ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಆದಾಯ ಸಮಿತಿ ರಚನೆಯಾದಾಗ ಡಿ.ಆರ್. ಗಾಡ್ಗೀಳ್ ಮತ್ತು ವಿ.ಕೆ.ಆರ್.ವಿ. ರಾವ್ ಅದರ ಸದಸ್ಯರು. ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದ ರಾವ್ ಅವರೇ ಇವರು. ಲೆಕ್ಕಪುಸ್ತಕ ಇಡದ ಕೋಟಿಗಟ್ಟಲೆ ಮನೆಗಳ ಉತ್ಪಾದನೆಯನ್ನು ಹೇಗೆ ಅಳೆಯುವುದು ಎಂಬುದೇ ಆಗಿನ ದೊಡ್ಡ ಪ್ರಶ್ನೆಯಾಗಿತ್ತು. ಮಾದರಿ ಸಮೀಕ್ಷೆ ಅದಕ್ಕೆ ಕಂಡುಕೊಂಡ ಉತ್ತರ. ತೊಂದರೆಯೆಂದರೆ ದೊಡ್ಡ ಸಮೀಕ್ಷೆಗಳು ಪ್ರತಿವರ್ಷ ನಡೆಯುತ್ತಿರಲಿಲ್ಲ. ಸಣ್ಣ ಉದ್ದಿಮೆಗಳ ಸಮೀಕ್ಷೆ 2010-11ರಲ್ಲಿ ಒಂದು, 2015-16ರಲ್ಲಿ ಇನ್ನೊಂದು. ನಡುವಿನ ವರ್ಷಗಳನ್ನು ಬೇರೆ ಸೂಚ್ಯಂಕಗಳ ಆಸರೆಯಿಂದ ಎಳೆದು ತುಂಬಬೇಕಾಗುತ್ತಿತ್ತು. ನೋಟು ರದ್ದತಿ, ಕೋವಿಡ್‌ನಂಥ ಹೊಡೆತ ಸಣ್ಣವರಿಗೇ ಹೆಚ್ಚು ಬಿದ್ದಾಗ, ದೊಡ್ಡ ಕಂಪನಿಗಳ ಗತಿಯನ್ನು ನೋಡಿ ಸಣ್ಣವರ ಗತಿಯನ್ನು ಊಹಿಸಿದರೆ ಅಂಕಿ ಮೇಲಕ್ಕೆ ವಾಲುತ್ತದೆ. ಈ ಟೀಕೆಯನ್ನು ನಾನು ಒಪ್ಪುತ್ತೇನೆ. ಆದರೆ ಅಂಕಿಗಳನ್ನೆಲ್ಲ ಕುಳಿತಲ್ಲೇ ಬರೆಯುತ್ತಾರೆ ಎನ್ನುವವರ ಮಾತನ್ನು ಒಪ್ಪುವುದಿಲ್ಲ. ಮಂಡಿಯುದ್ದದ ಕೆಸರಿನಲ್ಲಿ ನಿಂತು ಹಗ್ಗ ಕಟ್ಟಿದವರು ಬೇಕಾದಷ್ಟು ಮಂದಿ ಇದ್ದಾರೆ.

ಪ್ರತಿ ಹಣಕಾಸು ವರ್ಷದ ಜಿಡಿಪಿಯ ಮೊದಲ ಮುಂಗಡ ಅಂದಾಜು ಜನವರಿ ಮೊದಲ ವಾರದಲ್ಲೇ ಹೊರಬೀಳುತ್ತದೆ. ಆಗ ಸಕಲೇಶಪುರದಲ್ಲಿ ರೋಬಸ್ಟಾ ಕೊಯ್ಲು ಇನ್ನೂ ಮುಗಿದಿರುವುದಿಲ್ಲ, ಬಯಲುಸೀಮೆಯಲ್ಲಿ ಎಷ್ಟೋ ಬಣವೆಗಳ ರಾಗಿ ಬಡಿಯುವುದೂ ಬಾಕಿ. ಫೆಬ್ರವರಿ ಕೊನೆಗೆ ಎರಡನೆಯ ಅಂದಾಜು, ಮೇ ಕೊನೆಯ ಹೊತ್ತಿಗೆ ತಾತ್ಕಾಲಿಕ, ಆಮೇಲೆ ವರ್ಷಗಳವರೆಗೆ ಪರಿಷ್ಕರಣೆ. ಈಗಲೂ ಸಂಜೆ ವಾಕಿಂಗ್‌ಗೆ ಸಿಗುವವರು ಬೆಳವಣಿಗೆ ದರ ಹಿಡಿದು ವಾದಕ್ಕೆ ಬಂದರೆ, ಅದು ಎಷ್ಟನೆಯ ಅಂದಾಜು, ಸ್ಥಿರ ಬೆಲೆಯೋ ಚಾಲ್ತಿ ಬೆಲೆಯೋ ಎಂದು ಕೇಳುತ್ತೇನೆ. ಅರ್ಧ ಮಂದಿ ಅಷ್ಟಕ್ಕೇ ವಿಷಯ ಬದಲಿಸಿ ಕೊಬ್ಬರಿ ಬೆಲೆಗೆ ಬರುತ್ತಾರೆ.