ಹಿಂದಿನ ಶಾಕ್ ಅಬ್ಸಾರ್ಬರ್‌ಗಳನ್ನು ಮನೆಯಂಗಳದಲ್ಲೇ ಬದಲಿಸಿದ್ದು

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವಾಗ, ಹಂಪ್ ದಾಟಿದ ಮೇಲೂ ಕಾರಿನ ಹಿಂಭಾಗ ಎರಡು ಮೂರು ಸಲ ತೊಟ್ಟಿಲಿನಂತೆ ತೂಗುತ್ತಿರುವುದು ಕಳೆದ ಮಳೆಗಾಲದಲ್ಲಿ ನನ್ನ ಗಮನಕ್ಕೆ ಬಂದಿತು. ಕೆಳಗೆ ಬಗ್ಗಿ ನೋಡಿದರೆ ಎಡಗಡೆಯ ಶಾಕ್ ಅಬ್ಸಾರ್ಬರ್‌ನ ಮೈತುಂಬ ಎಣ್ಣೆ ಒಸರಿ, ಅದರ ಮೇಲೆ ಕೆಂಧೂಳು ಮೆತ್ತಿಕೊಂಡಿತ್ತು. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಆ ಸ್ಪ್ರಿಂಗಿನ ಕುಣಿತವನ್ನು, ಸಣ್ಣ ರಂಧ್ರಗಳಲ್ಲಿ ಎಣ್ಣೆ ನುಗ್ಗಿಸಿ, ಶಾಖವಾಗಿಸಿ ಅಡಗಿಸುವುದು ಶಾಕ್ ಅಬ್ಸಾರ್ಬರ್‌ನ ಕೆಲಸ. ಬಲಗಡೆಯದು ಒಣಗಿಯೇ ಇದ್ದರೂ, ಒಂದು ಬದಿ ಬಿಗಿ, ಇನ್ನೊಂದು ಸಡಿಲ ಆಗಬಾರದೆಂದು ಜೋಡಿಯನ್ನೇ ತರಿಸಿದೆ.

ನನ್ನದು ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ ಇರುವ ಸಣ್ಣ ಕಾರು. ಎರಡೂ ಒಂದೇ ಜೋಡಣೆಯಲ್ಲಿರುವ ಕಾರಾಗಿದ್ದರೆ, ಅದುಮಿದ ಸ್ಪ್ರಿಂಗ್ ಸಿಡಿಯುವ ಅಪಾಯವಿರುವುದರಿಂದ, ಗ್ಯಾರೇಜಿಗೇ ಒಯ್ಯುತ್ತಿದ್ದೆ.

ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಅವೇ ನೆಲ ಬಿಟ್ಟ ಮೇಲೆ ಅದರಿಂದ ಪ್ರಯೋಜನವಿಲ್ಲ. ಆದ್ದರಿಂದ ಕಾರನ್ನು ಮೊದಲ ಗೇರಿನಲ್ಲಿಟ್ಟು, ಮುಂದಿನ ಚಕ್ರಗಳ ಎರಡೂ ಕಡೆ ಮರದ ದಿಮ್ಮಿ ಕೊಟ್ಟು, ಹಿಂಭಾಗವನ್ನು ಎತ್ತಿ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿದೆ. ಚಕ್ರ ಬಿಚ್ಚಿದ ಮೇಲೆ ಇನ್ನೊಂದು ಜಾಕನ್ನು, ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ಅಡ್ಡತೊಲೆಯಾದ ಆಕ್ಸಲ್‌ನ ಅಡಿಗೆ ಆನಿಸಿದೆ. ಇದನ್ನು ಯಾರೂ ಬಿಡಬಾರದು: ಆಕ್ಸಲ್ ತೀರ ಕೆಳಗಿಳಿಯದಂತೆ ತಡೆದಿರುವುದೂ ಶಾಕ್ ಅಬ್ಸಾರ್ಬರೇ ಆದ್ದರಿಂದ, ಅದನ್ನು ಕಳಚಿದೊಡನೆ ಆಕ್ಸಲ್ ಜೋತುಬಿದ್ದು ಬ್ರೇಕಿನ ಹೋಸ್ ಎಳೆದುಕೊಳ್ಳಬಹುದು, ಸ್ಪ್ರಿಂಗ್ ತನ್ನ ಜಾಗದಿಂದ ಜಾರಬಹುದು.

ಮೇಲಿನ ನಟ್ ಡಿಕ್ಕಿಯೊಳಗೆ ರಬ್ಬರ್ ಮುಚ್ಚಳದ ಅಡಿಯಲ್ಲಿತ್ತು. ರಾಡ್ ತಿರುಗದಂತೆ ಅದರ ತುದಿಯನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದು, ಇನ್ನೊಂದರಿಂದ ನಟ್ ಬಿಚ್ಚಿದೆ. ನಿಜವಾದ ಕಷ್ಟ ಕೆಳಗಿನ ಬೋಲ್ಟಿನದು. ಮಲೆನಾಡಿನ ಎಷ್ಟೋ ಮಳೆಗಾಲ ಕಂಡ ಅದು ಶಾಕಿನ ಕೆಳತುದಿಯ ಬುಷ್ಷಿನ (ಲೋಹದ ಕೊಳವೆಯ ಸುತ್ತ ರಬ್ಬರ್ ಇರುವ ಬಳೆಯ) ಒಳತೋಳಿಗೇ ತುಕ್ಕಿನಿಂದ ಅಂಟಿಹೋಗಿತ್ತು. ಹಿಂದಿನ ಸಂಜೆಯೇ ಎಣ್ಣೆ ಬಿಟ್ಟಿದ್ದರೂ ಸಾಲದೆ, ತಂತಿ ಬ್ರಷ್‌ನಿಂದ ಎಳೆಗಳನ್ನು ಉಜ್ಜಿ, ಮತ್ತೆ ಎಣ್ಣೆ ಹಾಕಿ, ಸ್ವಲ್ಪ ಬಿಗಿಸಿ ಸ್ವಲ್ಪ ಸಡಿಲಿಸುತ್ತ ಬಲಗಡೆಯ ಒಂದೇ ಬೋಲ್ಟಿಗೆ ಎರಡು ಗಂಟೆ ಕಳೆದೆ. ಎಡಗಡೆಯದು 20 ನಿಮಿಷದಲ್ಲಿ ಬಂದಿತು.

ಹೊಸ ಶಾಕನ್ನು ನೆಟ್ಟಗೆ ಹಿಡಿದು ನಾಲ್ಕು ಸಲ ಪೂರ್ತಿ ಒತ್ತಿ ಎಳೆದೆ. ಮಲಗಿಸಿಟ್ಟಾಗ ಒಳಗೆ ಸೇರಿದ ಗಾಳಿ ಇದರಿಂದ ಎಣ್ಣೆಯ ಮೇಲಕ್ಕೆ ಹೋಗುತ್ತದೆ. ಹೊಳೆಯುವ ರಾಡನ್ನು ಇಕ್ಕಳದಿಂದ ಹಿಡಿದರೆ ಬೀಳುವ ಗೀರು ಎಣ್ಣೆಯ ಸೀಲನ್ನು ಹರಿಯುತ್ತದೆಂದು ಅದನ್ನು ಲೋಹಕ್ಕೆ ತಾಗಿಸಲೇ ಇಲ್ಲ. ವಾಷರು, ರಬ್ಬರುಗಳನ್ನು ಹಳೆಯದರ ಅನುಕ್ರಮದಲ್ಲೇ ಕೂರಿಸಿದೆ.

ಕೆಳಗಿನ ಬೋಲ್ಟುಗಳನ್ನು ಮಾತ್ರ ಆಗಲೇ ಪೂರ್ತಿ ಬಿಗಿಸಲಿಲ್ಲ. ಆಕ್ಸಲ್ ಇಳಿಬಿದ್ದಿರುವಾಗ ಬಿಗಿಸಿದರೆ, ಕಾರು ನೆಲಕ್ಕಿಳಿದ ಮೇಲೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಚಕ್ರ ಹಾಕಿ, ಕಾರನ್ನು ಇಳಿಸಿ, ತನ್ನ ಭಾರದಲ್ಲಿ ತಾನು ನಿಂತ ಮೇಲೆ ಕೈಪಿಡಿಯಲ್ಲಿದ್ದ ಅಳತೆಗೆ, ಬಿಗಿಸುವ ಬಲವನ್ನು ಅಳೆಯುವ ಟಾರ್ಕ್ ರೆಂಚ್‌ನಿಂದ ಬಿಗಿಸಿದೆ. 100 ಕಿಲೋಮೀಟರ್ ಓಡಿಸಿದ ಬಳಿಕ ಮತ್ತೊಮ್ಮೆ ಪರೀಕ್ಷಿಸಿದಾಗ ಒಂದು ನಟ್ಟೂ ಸಡಿಲಾಗಿರಲಿಲ್ಲ.